ಕರೆಂಟು ಇದೆ, ಆದರೆ ಇಲ್ಲ

ದೋಸೆ ಕಾವಲಿಯ ಮೇಲಿದೆ, ಚಟ್ನಿ ಇನ್ನೂ ಮುಕ್ಕಾಲು ಪಾಲು ತೆಂಗಿನಕಾಯಿಯಾಗಿಯೇ ಇದೆ, ಅಷ್ಟರಲ್ಲಿ ಮಿಕ್ಸಿ ನಿಂತುಬಿಟ್ಟರೆ ಮನೆಯ ಯಜಮಾನ ಅನ್ನಿಸಿಕೊಂಡವನು ಏನು ಮಾಡಬೇಕು? ಯಾವ ಶಾಸ್ತ್ರದಲ್ಲೂ ಹೇಳಿಲ್ಲ. ನಾನೂ ಎಲ್ಲರಂತೆ ಸ್ವಿಚ್ಚನ್ನು ನಾಲ್ಕು ಸಲ ಟಕಟಕ ಅನ್ನಿಸಿದೆ. ಐದನೆಯ ಸಲ ಕೊಂಚ ಗದರಿಸುವ ಹಾಗೆ ಒತ್ತಿದೆ. ಆಮೇಲೆ ಮಿಕ್ಸಿಯ ತಲೆಗೊಂದು ಮೊಟಕಿದೆ.

"ಅದನ್ನ ಯಾಕ್ರೀ ಹೊಡೀತೀರಿ? ಕರೆಂಟು ಹೋಗಿರಬೇಕು" ಎಂದಳು ನನ್ನವಳು.

ಕರೆಂಟನ್ನು ನಾವು ಮಾತಾಡಿಸುವ ರೀತಿ ಗಮನಿಸಿದ್ದೀರಾ? ಅದು ಹೋಗುತ್ತದೆ, ಬರುತ್ತದೆ, ಬಂದ ಹಾಗೆ ಮಾಡಿ ಮತ್ತೆ ಹೋಗುತ್ತದೆ. ಥೇಟ್ ನೆಂಟರ ಹಾಗೆ. ಆದರೆ ಅವತ್ತು ಅದು ಹೋಗಿರಲಿಲ್ಲ. ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು, ಅಡುಗೆಮನೆಯ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಮೂಲೆಯ ಫ್ರಿಜ್ಜು ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು. (ಈ ಫ್ರಿಜ್ಜನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಂಡಿರಿ.) ಕಟ್ಟೆಯ ಮೇಲಿನ ಮೂರು ಪ್ಲಗ್ಗು ಮಾತ್ರ ಸತ್ತಿದ್ದವು.

ನಮ್ಮಪ್ಪನ ಕಾಲದಲ್ಲಾಗಿದ್ದರೆ ಇದಕ್ಕೆ ಒಂದೇ ಮದ್ದು. ಸ್ಟೂಲು ಹತ್ತಿ, ಮೇನ್ ಆಫ್ ಮಾಡಿ, ಪಿಂಗಾಣಿಯ ಫ್ಯೂಸನ್ನು ಕಿತ್ತು, ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು, ಹಳೇ ವೈರಿನಿಂದ ಒಂದೆಳೆ ತಂತಿ ಸುಲಿದು ಸುತ್ತುವುದು. ಒಂದೆಳೆ ಸುತ್ತಬೇಕಾದ ಕಡೆ "ಬಾಳಿಕೆ ಬರಲಿ" ಅಂತ ಅವರು ಮೂರೆಳೆ ಸುತ್ತುತ್ತಿದ್ದರು. ಸುಟ್ಟುಹೋಗುವುದೇ ಫ್ಯೂಸಿನ ಕೆಲಸ ಅಂತ ಅವರಿಗೆ ಹೇಳುವ ಧೈರ್ಯ ಯಾರಿಗಿತ್ತು? ಈಗ ಅದರ ಜಾಗದಲ್ಲಿ ಎಂಸಿಬಿ. ಮುಚ್ಚಳ ತೆಗೆದು ನೋಡಿದರೆ ಅದರ ಗುಬುಟುಗಳೆಲ್ಲ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದವು. ಒಂದಾದರೂ ಬಿದ್ದಿರಬಾರದೇ, ಎತ್ತಿ ನಿಲ್ಲಿಸಿ ಶಹಭಾಸ್ ಅನ್ನಿಸಿಕೊಳ್ಳುತ್ತಿದ್ದೆ.

ಉಳಿದದ್ದು ಟೆಸ್ಟರ್. ನಮ್ಮ ಮನೆಯ ಟೆಸ್ಟರ್ ಹಳದಿ ಹಿಡಿಯದು, ತುದಿಯಲ್ಲಿ ಒಂದಿಷ್ಟು ಸುಟ್ಟ ಗುರುತು. ಎದುರುಮನೆ ರಾಯರಿಂದ ಎಂಟು ವರ್ಷದ ಹಿಂದೆ, ದೀಪಾವಳಿ ಸರ ಹಾಕಲು ಅಂತ ಒಂದು ಗಂಟೆಯ ಮಟ್ಟಿಗೆ ತಂದದ್ದು. ಇರಲಿ. ಚುಚ್ಚಿ ನೋಡಿದರೆ ದೀಪ ಹೊತ್ತಿತು!

"ಕರೆಂಟು ಇದೆ ಕಣೇ!"

"ಹಾಗಾದ್ರೆ ಚಟ್ನಿ ಎಲ್ಲಿ?"

ಎಂಥ ಪ್ರಶ್ನೆ ನೋಡಿ! ಅಷ್ಟು ಹೊತ್ತಿಗೆ ಸದ್ದು ಕೇಳಿ ರಾಯರು ಬಂದರು. ನಮ್ಮ ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಮೊದಲು ಬರುವವರು ರಾಯರು, ಆಮೇಲೆ ಪ್ಲಂಬರು. ಟೆಸ್ಟರನ್ನು ನನ್ನ ಕೈಯಿಂದ ತೆಗೆದುಕೊಂಡು ಮಿಕ್ಸಿಯ ಪಕ್ಕದ ಪ್ಲಗ್ಗಿನ ಎರಡೂ ತೂತಿಗೆ ಚುಚ್ಚಿದರು. ಎರಡರಲ್ಲೂ ಹೊತ್ತಿತು. "ಓಹೋ, ಡಬಲ್ ಕರೆಂಟು ಬರ್ತಾ ಇದೆ ಸ್ವಾಮಿ, ಅದಕ್ಕೇ ಮಿಕ್ಸಿ ಹೆದರಿ ನಿಂತಿದೆ" ಎಂದು ತೀರ್ಪು ಕೊಟ್ಟರು. ಕೊಟ್ಟವರು ಕುರ್ಚಿ ಎಳೆದುಕೊಂಡು ಶಿವನಸಮುದ್ರಕ್ಕೆ ಹೊರಟರು. ಕರೆಂಟಿನ ಮಾತು ಬಂದರೆ ಅವರು ಅಲ್ಲಿಗೆ ಹೋಗಿಯೇ ಹೋಗುತ್ತಾರೆ. 1902ರಲ್ಲಿ ಕಾವೇರಿಯ ಆ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದದ್ದು, ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ನೋಡದೆ ಹಿಂದಿನ ವರ್ಷವೇ ತೀರಿಕೊಂಡದ್ದು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದು, ನಮ್ಮ ಮೈಸೂರು ಅರಮನೆಯ ಊರಾದರೂ 1908ರವರೆಗೆ ಕಾದದ್ದು. ಈ ಕೊನೆಯ ಸಂಗತಿ ಹೇಳುವಾಗ ಅವರ ಗಂಟಲು ಇವತ್ತಿಗೂ ಕಟ್ಟುತ್ತದೆ. ನನಗೆ ಮಾತ್ರ, 92 ಮೈಲಿ ಓಡಿದ ಕರೆಂಟಿಗೆ ಫ್ರಿಜ್ಜಿನಿಂದ ಮಿಕ್ಸಿಗೆ ನಾಲ್ಕಡಿ ಬರಲು ಏನು ಧಾಡಿ ಅನ್ನಿಸುತ್ತಿತ್ತು.

ಎಲೆಕ್ಟ್ರಿಷಿಯನ್ ಹುಡುಗ ಬಂದದ್ದು ಹನ್ನೊಂದಕ್ಕೆ. ಟೆಸ್ಟರನ್ನು ಅವನು ಮುಟ್ಟಲೂ ಇಲ್ಲ. "ಇದನ್ನ ನಂಬಬಾರದು ಸಾರ್" ಅಂದ. ಚೀಲದಿಂದ ಹೋಲ್ಡರಿಗೆ ಎರಡು ವೈರು ಕಟ್ಟಿದ ಅರವತ್ತು ವ್ಯಾಟಿನ ಬಲ್ಬು ತೆಗೆದ. ಫೇಸಿಗೂ ನ್ಯೂಟ್ರಲ್ಲಿಗೂ ಕೊಟ್ಟ, ಉರಿಯಲಿಲ್ಲ. ಫೇಸಿಗೂ ಅರ್ಥಿಂಗಿಗೂ ಕೊಟ್ಟ, ಬಲ್ಬು ಮಿಣಕ್ ಅಂದದ್ದೇ ತಡ, ಟಪ್ ಅಂತ ಇಡೀ ಮನೆ ಕತ್ತಲು. ಇಷ್ಟು ಹೊತ್ತು ಅಡುಗೆಮನೆಯ ಕಟ್ಟೆಯೊಂದು ಸತ್ತಿತ್ತು, ಈಗ ಮನೆಯೇ ಸತ್ತಿತು. ಹುಡುಗ ನಗುತ್ತಿದ್ದಾನೆ! ಹೋದ ಕರೆಂಟಿನಲ್ಲಿ 30 ಮಿಲಿಆಂಪ್ಸ್ ನ್ಯೂಟ್ರಲ್ಲಿನ ದಾರಿಯಲ್ಲಿ ವಾಪಸಾಗದಿದ್ದರೂ ಬೀಳುವಂಥ ಒಂದು ಸ್ವಿಚ್ಚು ಎಂಸಿಬಿಯ ಪಕ್ಕದಲ್ಲಿದೆಯಂತೆ. ಅದು ಬಿತ್ತು ಅಂದರೆ ಫೇಸು ಸರಿಯಿದೆ, ಅರ್ಥಿಂಗೂ ಸರಿಯಿದೆ, ಕೆಟ್ಟಿರುವುದು ನ್ಯೂಟ್ರಲ್ಲು.

ಟೆಸ್ಟರ್ ಸುಳ್ಳು ಹೇಳಿದ್ದಲ್ಲ. ಧರ್ಮರಾಯನ ಹಾಗೆ ಅರ್ಧ ಹೇಳಿ ಸುಮ್ಮನಾಗಿತ್ತು, ಅಷ್ಟೆ. ಅದರ ಪುಟ್ಟ ದೀಪಕ್ಕೆ ನಮ್ಮ ಮೈಯಲ್ಲಿ ಹಾದು ನೆಲ ಸೇರುವ ಚೂರು ಕರೆಂಟು ಸಾಕು. ಮಿಕ್ಸಿಗೆ ಹಾಗಲ್ಲ, ಬಂದದ್ದು ತಿರುಗಿ ಹೋಗಲು ದಾರಿ ಬೇಕು. ಆ ದಾರಿ ಕಡಿದಿದ್ದರಿಂದ ಫೇಸು ಮಿಕ್ಸಿಯೊಳಗೆ ಹೊಕ್ಕು, ಆಚೆ ತಂತಿಯಲ್ಲಿ ಹೊರಬಂದು, ಅಲ್ಲೇ ನಿಂತಿತ್ತು. ರಾಯರ ಡಬಲ್ ಕರೆಂಟು ಅಂದರೆ ಇದೇ. ನಾನು ಕೊಟ್ಟ ಪುಸ್ತಕಗಳ ಗತಿ ನೆನಪಾಯಿತು. ಹೋಗುವ ದಾರಿ ಯಾವಾಗಲೂ ಸರಿಯಾಗಿಯೇ ಇರುತ್ತದೆ!

"ಯಾವುದು ಕೆಲಸ ಮಾಡ್ತಿದೆಯೋ ಅದನ್ನ ಮೊದಲು ಬಿಚ್ಚಬೇಕು" ಎನ್ನುತ್ತ ಹುಡುಗ ಸೀದಾ ಫ್ರಿಜ್ಜಿನ ಹಿಂದೆ ನುಗ್ಗಿದ. ಕಟ್ಟೆಯ ಮೂರೂ ಪ್ಲಗ್ಗಿಗೆ ಅಲ್ಲಿಂದಲೇ ಲೂಪು. ಬಲ್ಬಾಟ ಮುಗಿದಿತ್ತು, ಈಗ ಮೇನ್ ಆಫ್ ಮಾಡಿಯೇ ಪ್ಲಗ್ಗು ಬಿಚ್ಚಿದ. ಮುಂದಕ್ಕೆ ಹೋಗುವ ಕಪ್ಪು ವೈರು ಸ್ಕ್ರೂವಿನಿಂದ ಜಾರಿ, ಸುಟ್ಟು, ಸುತ್ತಲಿನ ಪ್ಲಾಸ್ಟಿಕ್ ಕಂದಿತ್ತು. ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಬೇರೆ ಪ್ಲಗ್ಗು ಹಾಕಿ ಬಿಗಿದ. ಆ ದುಂಡು ಪಿನ್ನಿನ ಪ್ಲಗ್ಗು ಇದೆಯಲ್ಲ, ಅದು ಬ್ರಿಟಿಷರು ಬಿಟ್ಟುಹೋದದ್ದು. 1947ರಲ್ಲೇ ಅವರು ತಮ್ಮ ಊರಿಗೆ ಚೌಕ ಪಿನ್ನಿನ ಹೊಸ ನಮೂನೆ ಬರೆದುಕೊಂಡರು. ಮೇಲೆ 6 ಅಂತ ಅಚ್ಚಾಗಿದ್ದರೂ ಅಂಗಡಿಯಲ್ಲಿ ನಾವು ಕೇಳುವುದು "ಫೈವ್ ಆಂಪ್ಸ್" ಅಂತಲೇ. ಅದೂ ರಾಯರು ಹೇಳಿದ್ದು, ಅಷ್ಟರಲ್ಲಿ ಎರಡನೆಯ ಕಾಫಿ ಮುಗಿದಿತ್ತು.

ಮಿಕ್ಸಿ ಗರ್ರೆಂದಿತು. ಮಧ್ಯಾಹ್ನ ಹನ್ನೆರಡಕ್ಕೆ ಚಟ್ನಿ ಸಿದ್ಧವಾಯಿತು, ದೋಸೆ ಯಾವತ್ತೋ ಉಪ್ಪಿನಕಾಯಿಯ ಜೊತೆ ಹೋಗಿತ್ತು. ಹುಡುಗ ಹೊರಟ. ರಾಯರೂ ಎದ್ದರು, ಎದ್ದವರು ಮೇಜಿನ ಮೇಲಿದ್ದ ಟೆಸ್ಟರನ್ನು ಕೈಗೆತ್ತಿಕೊಂಡು, ಸುಟ್ಟ ತುದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು.

"ಇಂಥದ್ದೇ ಒಂದು ನಮ್ಮನೇಲೂ ಇತ್ತು. ಎಲ್ಲಿ ಹೋಯಿತೋ."

"ಹೌದೇ?" ಎನ್ನುತ್ತ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಡ್ರಾಯರಿಗೆ ಹಾಕಿದೆ. "ಚಟ್ನಿ ತಗೊಂಡು ಹೋಗಿ ರಾಯರೇ, ಡಬ್ಬಿ ಮಾತ್ರ ನಾಳೆ ವಾಪಸ್ ಕಳಿಸಿಬಿಡಿ."