ಕಾರಿನ ಟೈರು, ಬೈಕಿನ ಚಕ್ರ

ಶಹಾಬಾದ್ ಕಲ್ಲು ಗೊತ್ತಿರುವವರಿಗೆ ತಾಂಡೂರು ಕಲ್ಲೂ ಗೊತ್ತಿರುತ್ತದೆ. ಅದೇ ತಾಂಡೂರಿನಲ್ಲಿ ನನ್ನದೊಂದು ಸಣ್ಣ ಟೈರ್ ಅಂಗಡಿ. ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಊರು ಇದು. ಪಶ್ಚಿಮಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಚಿಂಚೋಳಿ, ಸೇಡಂ ಕಡೆಯ ಕನ್ನಡ ಊರುಗಳು. 2022ರಲ್ಲಿ ಇಲ್ಲಿಯ ತೊಗರಿಗೆ ಜಿಐ ಮಾನ್ಯತೆ ಸಿಕ್ಕಿತು. ಆದರೆ ನನ್ನ ಅಂಗಡಿ ನಡೆಯುವುದು ತೊಗರಿಯಿಂದಲ್ಲ, ಕಲ್ಲಿನಿಂದ. ಕಲ್ಲಿನ ಚೂರು ಬಿದ್ದ ದಾರಿಯಲ್ಲಿ ಟೈರು ಹೆಚ್ಚು ದಿನ ಬಾಳುವುದಿಲ್ಲ.

ಊರಲ್ಲಿ ನನ್ನ ತಮ್ಮಂದಿರು ನನ್ನನ್ನು ‘ಕಾಕ’ ಎನ್ನುತ್ತಾರೆ, ಅಂದರೆ ಅಣ್ಣ. ಇಲ್ಲಿ ಗಡಿಯಾಚೆಯಿಂದ ಬರುವ ಕನ್ನಡದ ಹುಡುಗರೂ ‘ಕಾಕಾ’ ಎಂದೇ ಕರೆಯುತ್ತಾರೆ, ಆದರೆ ಅವರಿಗೆ ಅದು ಚಿಕ್ಕಪ್ಪ. ಒಂದೇ ಕರೆಯಲ್ಲಿ ಒಂದು ತಲೆಮಾರು ಮುಪ್ಪಾಗಿದ್ದೇನೆ!

ಈಗ ಎರಡು ವರ್ಷದಿಂದ ಈ ಹುಡುಗರು ಹೊಸದೊಂದು ಪ್ರಶ್ನೆ ತರುತ್ತಿದ್ದಾರೆ: ಬೈಕಿನ ಹಿಂದಿನ ಚಕ್ರಕ್ಕೆ ಕಾರಿನ ಟೈರು ಹಾಕಿಕೊಡ್ತೀರಾ? ಹಾಗೆ ಕೇಳಿದವರಲ್ಲಿ ಒಬ್ಬ ಕಲ್ಲು ಪಾಲಿಶ್ ಘಟಕದ ಕೆಲಸಗಾರ. ಹಳೆಯ ಬಜಾಜ್ ಅವೆಂಜರ್ ಇಟ್ಟುಕೊಂಡಿದ್ದಾನೆ. ವಾರಕ್ಕೊಮ್ಮೆ ಹೆಂಡತಿ, ಮಗುವನ್ನು ಕೂರಿಸಿಕೊಂಡು ಚಿಂಚೋಳಿ ಕಡೆಯ ತನ್ನ ಹಳ್ಳಿಗೆ ಹೋಗುತ್ತಾನೆ. ಅವನ ಲೆಕ್ಕ ಹೀಗಿತ್ತು:

“ಕಾಕಾ, ಕಾರಿನ ಟೈರ್ ಐನೂರಾ ಅರವತ್ತು ಕಿಲೋ ಹೊರತದ, ನನ್ನ ಗಾಡೀದು ಮುನ್ನೂರು ಅಷ್ಟೇ. ಯಾವುದು ಗಟ್ಟಿ, ನೀವೇ ಹೇಳ್ರಿ.”

ಲೆಕ್ಕ ಸುಳ್ಳಲ್ಲ. ಅವೆಂಜರ್‌ನ ಹಿಂದಿನ ಟೈರು 130/90-15. ಅದರ ಮೇಲಿನ 66 ಎಂಬ ಅಂಕೆಯ ಅರ್ಥ 300 ಕಿಲೋ. ಕಾರಿನ 185/65 ಆರ್15 ಟೈರಿನ ಮೇಲೆ 88 ಇದ್ದರೆ 560 ಕಿಲೋ. ರಿಮ್ಮಿನ ಅಳತೆ ಎರಡರದ್ದೂ 15 ಇಂಚು. ಕಾರಿನ ಟೈರಿನ ರಬ್ಬರು ಗಟ್ಟಿ, ಸವೆಯುವುದು ನಿಧಾನ. ಅಮೆರಿಕದಲ್ಲಿ ಹೋಂಡಾ ಗೋಲ್ಡ್ ವಿಂಗ್‌ನಂಥ ಭಾರೀ ಬೈಕುಗಳಿಗೆ ಇದನ್ನೇ ಹಾಕಿ ಸಾವಿರಾರು ಮೈಲಿ ಓಡಿಸುವವರಿದ್ದಾರೆ. ತಮ್ಮ ಈ ಹವ್ಯಾಸವನ್ನು ಅವರೇ ‘ಡಾರ್ಕ್ ಸೈಡ್’ ಎಂದು ಕರೆದುಕೊಳ್ಳುತ್ತಾರೆ. ಹುಡುಗ ಆ ವಿಡಿಯೋಗಳನ್ನೆಲ್ಲ ನೋಡಿಯೇ ಬಂದಿದ್ದ.

ಅವನಿಗೆ ನಾನು ಅವನದೇ ಕೆಲಸದ ಮಾತಿನಲ್ಲಿ ಹೇಳಿದೆ. ನೆಲದ ಮೇಲೆ ಮಲಗಿದ ಚಪ್ಪಡಿ ಅಲುಗಾಡುವುದಿಲ್ಲ. ಅದನ್ನು ಎಬ್ಬಿಸಲು ಹೋದರೆ ಮೊದಲು ಜಗ್ಗುತ್ತದೆ, ಆಮೇಲೆ ಇಡೀ ಭಾರ ಅಂಚಿನ ಮೇಲೆ ಬರುತ್ತದೆ. ಕಾರಿನ ಟೈರೂ ಹಾಗೇ, ತಳ ಚಪ್ಪಟೆ. ಕಾರು ತಿರುವಿನಲ್ಲಿ ಬೈಕಿನಂತೆ ವಾಲುವುದಿಲ್ಲವಾದ್ದರಿಂದ ಅದಕ್ಕೆ ಅದೇ ಸರಿ. ಬೈಕು ತಿರುಗುವುದೇ ವಾಲಿ. ಅದಕ್ಕೇ ಬೈಕಿನ ಟೈರಿನ ಮೈ ತೆಂಗಿನಕಾಯಿಯಂತೆ ದುಂಡಗೆ. ಎಷ್ಟು ವಾಲಿದರೂ ರಬ್ಬರಿನ ಒಂದು ಭಾಗ ನೆಲಕ್ಕೆ ತಾಗಿಯೇ ಇರುತ್ತದೆ. ಕಾರಿನ ಟೈರು ಹಾಕಿದರೆ ಗಾಡಿ ವಾಲಲು ಒಪ್ಪುವುದಿಲ್ಲ, ಹ್ಯಾಂಡಲ್ಲನ್ನು ಒತ್ತಿ ಹಿಡಿದೇ ಇರಬೇಕು. ಗುಂಡಿ ತಪ್ಪಿಸಲು ತಟ್ಟನೆ ಎಳೆದಾಗ ಅದು ಮಾತು ಕೇಳುವುದು ತಡವಾಗಿ.

ರಿಮ್ಮಿನ ಕಥೆ ಬೇರೆ. 15 ಇಂಚು ಎಂದು ಎರಡರಲ್ಲೂ ಬರೆದಿದ್ದರೂ ಟೈರಿನ ಬೀಡ್ ಕೂರುವ ಅಂಚಿನ ಆಕಾರ ಕಾರಿಗೂ ಬೈಕಿಗೂ ಬೇರೆ ಬೇರೆ. ಬೀಡ್ ಕೂರದಿದ್ದರೆ ಕೆಲವರು ಗಾಳಿ ಏರಿಸುತ್ತಲೇ ಹೋಗುತ್ತಾರೆ. ಬೀಡ್ ಕೂರಿಸುವಾಗ 40 ಪಿಎಸ್‌ಐ ಮೀರಬೇಡಿ ಎಂದು ಎಷ್ಟೋ ಕಾರಿನ ಟೈರುಗಳ ಬದಿಯಲ್ಲೇ ಬರೆದಿರುತ್ತದೆ. ಬೀಡ್ ಹರಿದರೆ ಎದುರಿಗೆ ಕೂತವನ ಕೈ, ಮುಖ ಉಳಿಯುವುದು ಕಷ್ಟ. ಆ ಜಾಗದಲ್ಲಿ ಕೂರುವವನು ನಾನು. ಇನ್ನು 130ರ ಜಾಗದಲ್ಲಿ 185 ಮಿಲಿಮೀಟರ್ ಅಗಲದ ಟೈರು ತೂರಿಸಬೇಕಾದರೆ ಸ್ವಿಂಗ್ ಆರ್ಮಿಗೇ ಕೈ ಹಾಕಬೇಕು.

ಕಾನೂನೂ ಇದೆ. ಕಂಪನಿ ಕೊಟ್ಟ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹೇಳಿತು. ಅಪಘಾತವಾದರೆ ವಿಮೆಯವರಿಗೆ ತಕರಾರು ತೆಗೆಯಲು ಇಷ್ಟು ಸಾಕು.

ಹಾಗಂತ ಕಾರಿನ ಟೈರಿಗೆ ಬೈಕಿನ ಸಹವಾಸವೇ ಬೇಡ ಎನ್ನಲಾಗದು. ಸೈಡ್‌ಕಾರ್ ಕಟ್ಟಿದ ಗಾಡಿ ವಾಲುವುದಿಲ್ಲ, ಅಲ್ಲಿ ಚಪ್ಪಟೆ ಟೈರು ಸರಿಯಾಗಿ ಕೆಲಸ ಮಾಡುತ್ತದೆ. ನಮ್ಮ ರೈತರ ಎತ್ತಿನ ಗಾಡಿಗಳೂ ಟೈರಿಗೆ ಬಂದು ಎಷ್ಟೋ ಕಾಲವಾಯಿತು. ಟೈರು ಕೆಟ್ಟದ್ದಲ್ಲ, ಅದರ ಜಾಗ ಬೇರೆ.

ಹುಡುಗ ಎಲ್ಲ ಕೇಳಿ ಸುಮ್ಮನೆ ನಿಂತ. ಆಮೇಲೆ, “ಎಲ್ಲಾ ಖರೇ ಕಾಕಾ. ಆದ್ರ ಬಟನ್ ಪೂರಾ ಹೋಗ್ಯಾವ, ಹೊಸಾದಕ್ಕ ರೊಕ್ಕ ಇಲ್ಲ” ಎಂದ. ಅವನ ಗೆಳೆಯನೊಬ್ಬ ಹಳೆಯ ಕಾರಿನ ಟೈರನ್ನು ಪುಕ್ಕಟೆ ಕೊಡಲು ಒಪ್ಪಿದ್ದನಂತೆ. ಗೋಲ್ಡ್ ವಿಂಗ್, ಡಾರ್ಕ್ ಸೈಡ್ ಎಲ್ಲ ಮೇಲಿನ ಮಾತು, ಒಳಗಿದ್ದದ್ದು ಇದು. ಬಟನ್ ಸವೆದ ಟೈರಿನಲ್ಲಿ, ಕಲ್ಲಿನ ಪುಡಿ ಕೆಸರಾದ ರಸ್ತೆಯಲ್ಲಿ ಮೂರು ಜೀವ ಹೋಗುವುದೂ ಕಾರಿನ ಟೈರಿನಷ್ಟೇ ಅಪಾಯ. ಬರೀ ‘ಆಗುವುದಿಲ್ಲ’ ಎಂದು ಕಳಿಸಿದ್ದರೆ ನನ್ನ ಕೈ ಶುದ್ಧವಾಗಿರುತ್ತಿತ್ತು, ಅವನ ಚಕ್ರ ಹಾಗೇ ಇರುತ್ತಿತ್ತು.

ಸರಿಯಾದ ಅಳತೆಯ ಹೊಸ ಟೈರು ಹಾಕಿಕೊಟ್ಟೆ. ಸಂಬಳದ ದಿನ ಇನ್ನೂರು ಇನ್ನೂರು ಕೊಡು ಎಂದೆ. ಉದ್ರಿ ಪುಸ್ತಕದಲ್ಲಿ ಈಗ ಅಂಥ ಆರು ಹೆಸರುಗಳಿವೆ. ಇಬ್ಬರು ತಪ್ಪಿಸಿಕೊಂಡು ತಿರುಗುತ್ತಿದ್ದಾರೆ, ಉಳಿದವರು ಕೊಡುತ್ತಿದ್ದಾರೆ.

ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಬೈಕು ಓಡಿಸುವ ನಮ್ಮ ಕರಾವಳಿಯ ಹುಡುಗರಿಗೂ ಇದನ್ನೇ ಹೇಳುತ್ತೇನೆ: ಘಾಟಿಯ ತಿರುವಿನಲ್ಲಿ ನಿಮ್ಮನ್ನು ಹಿಡಿದಿಡುವುದು ಅಂಗೈಯಷ್ಟು ರಬ್ಬರು. ಅದು ದುಂಡಗಿರಲಿ, ಬಟನ್ ಇರಲಿ. ರೊಕ್ಕ ಇಲ್ಲದಿದ್ದರೆ ಟೈರ್ ಅಂಗಡಿಯವನ ಹತ್ತಿರ ಬಾಯಿಬಿಟ್ಟು ಕೇಳಿ. ಉದ್ರಿ ಪುಸ್ತಕ ನನ್ನೊಬ್ಬನ ಬಳಿ ಮಾತ್ರ ಇರುವುದಲ್ಲ.