ವಾರ್ಡಿನ ಬೀರು ಬಿಟ್ಟ ಪೊಟ್ಯಾಸಿಯಂ

ಹಳೆಯ ವಾರ್ಡುಗಳ ಮಾತು ಬಂದರೆ ಸ್ಟೆರಿಲೈಸರಿನಲ್ಲಿ ಕುದಿಯುತ್ತಿದ್ದ ಗಾಜಿನ ಸಿರಿಂಜುಗಳನ್ನು ಎಲ್ಲರೂ ನೆನೆಯುತ್ತಾರೆ. ನಾನು ಕಂಡ ಬದಲಾವಣೆಗಳಲ್ಲಿ ಅದಕ್ಕಿಂತ ದೊಡ್ಡದು ಯಾರ ಕಣ್ಣಿಗೂ ಬೀಳದೆ ನಡೆಯಿತು: ಪೊಟ್ಯಾಸಿಯಂ ಕ್ಲೋರೈಡ್ ವಾರ್ಡಿನ ಬೀರುವಿನಿಂದ ಜಾಗ ಖಾಲಿ ಮಾಡಿತು. ಹತ್ತು ಎಂ.ಎಲ್.ನ ಆ ಆಂಪ್ಯೂಲ್, ಪುಡಿ ಇಂಜೆಕ್ಷನ್ ಕಲಸುವ ಡಿಸ್ಟಿಲ್ಡ್ ವಾಟರಿನ ಪಕ್ಕದಲ್ಲೇ ಇರುತ್ತಿತ್ತು. ಅಳತೆಯೂ ಅದೇ, ಒಳಗಿನ ದ್ರವವೂ ನೀರಿನಷ್ಟೇ ತಿಳಿ, ಲೇಬಲಿನ ಅಕ್ಷರ ಮಾತ್ರ ಸಣ್ಣದು. ಡ್ರಿಪ್‌ನಲ್ಲಿ ಬೆರೆಸಿ ಗಂಟೆಗಟ್ಟಲೆ ನಿಧಾನವಾಗಿ ಬಿಡಬೇಕಾದ ಅದನ್ನು ನೇರವಾಗಿ ನರಕ್ಕೆ ಚುಚ್ಚಿದರೆ ಹೃದಯ ನಿಂತುಹೋಗಬಹುದು. ರಾತ್ರಿ ಪಾಳಿಯ ಮಂದ ಬೆಳಕಿನಲ್ಲಿ ಇವೆರಡು ಅದಲುಬದಲಾಗುವುದನ್ನು ತಡೆಯಲು ಇದ್ದದ್ದು ಒಂದೇ ಉಪಾಯ, ನರ್ಸ್‌ಗೆ 'ಜೋಪಾನ' ಎಂದು ಹೇಳುವುದು.

ಜೋಪಾನ ಎಂಬ ಮಾತಿನಿಂದ ಆಗದ್ದು ಬೀರುವನ್ನು ಬದಲಿಸಿದ್ದರಿಂದ ಆಯಿತು ಎನ್ನುವುದೇ ನನ್ನ ವಾದ. ಗಾಢ ಪೊಟ್ಯಾಸಿಯಂ ವಾರ್ಡಿನಲ್ಲಿ ಇರಬಾರದು, ಫಾರ್ಮಸಿಯಲ್ಲೇ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದರ ತಿರುಳೂ ಇದೇ. ಕೈಗೆ ಸಿಗದ ಆಂಪ್ಯೂಲನ್ನು ಯಾರೂ ತಪ್ಪಿ ಎತ್ತಿಕೊಳ್ಳಲಾರರು. ಇನ್ಸುಲಿನ್ ವಿಷಯದಲ್ಲಿ ಇಷ್ಟು ಅಚ್ಚುಕಟ್ಟು ನಮಗೆ ಇನ್ನೂ ಸಾಧ್ಯವಾಗಿಲ್ಲ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಎಂ.ಎಲ್.ಗೆ 40 ಯೂನಿಟ್, ಪೆನ್ನಿನದು 100. ಕೆಂಪು ಮುಚ್ಚಳದ ಸಿರಿಂಜು ಮೊದಲನೆಯದಕ್ಕೆ. ಕಿತ್ತಳೆ ಮುಚ್ಚಳದ್ದು 100ರ ಬಲದ್ದಕ್ಕೆ. ಪೆನ್ನು ಕೆಟ್ಟಿತೆಂದು ಅದರ ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 50 ಯೂನಿಟ್. ಗೆರೆ ಸರಿ, ಓದಿದ ಕಣ್ಣೂ ಸರಿ, ಡೋಸ್ ಮಾತ್ರ ಎರಡೂವರೆ ಪಟ್ಟು! ಇಲ್ಲಿ ಬೈಯಬೇಕಾದದ್ದು ಯಾರನ್ನು?

ತುರ್ತಿನಲ್ಲಿ ಔಷಧಿ ದೂರವಿದ್ದರೆ ರೋಗಿಗೆ ಅಪಾಯವಲ್ಲವೇ ಎಂದು ಹಿರಿಯ ವೈದ್ಯರು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆಯೇ. ಆದರೆ ಪೊಟ್ಯಾಸಿಯಂ ಎಷ್ಟೇ ಕಡಿಮೆಯಿದ್ದರೂ ಅದನ್ನು ಬೆರೆಸದೆ ಒಮ್ಮೆಲೇ ಕೊಡುವಂತಿಲ್ಲ. ನಿಜವಾಗಿ ಬೇಕಾಗುವ ಐಸಿಯುನಲ್ಲಿ ಬೇರೆ ಡಬ್ಬಿಯಲ್ಲಿ, ಕೆಂಪು ಲೇಬಲ್ ಹಚ್ಚಿ ಇಡುವ ಪದ್ಧತಿಯಿದೆ. ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು: ಅಪಾಯಕಾರಿ ಔಷಧಿಗಳಿಗೆ ಇಬ್ಬರು ನರ್ಸ್‌ಗಳ ತಪಾಸಣೆ ಬಂದಮೇಲೆ ಅದು ಬರೀ ಎರಡು ಸಹಿಯಾಗಿದೆ ಎನ್ನುವುದು. ಒಪ್ಪುತ್ತೇನೆ. ಮೊದಲನೆಯವರು 'ಹೆಪಾರಿನ್ 5000, ಸರಿ ತಾನೇ?' ಎಂದು ಕೇಳಿದರೆ ಎರಡನೆಯವರ ಬಾಯಿಂದ 'ಹೂಂ' ಬಿಟ್ಟು ಬೇರೇನೂ ಬರುವುದಿಲ್ಲ. ಎರಡನೆಯವರು ಚಾರ್ಟು ನೋಡಿ ತಾವೇ ಲೆಕ್ಕ ಹಾಕಿದರೆ ಮಾತ್ರ ಅದು ತಪಾಸಣೆ. ಅದಕ್ಕೆ ಪಾಳಿಯಲ್ಲಿ ಎರಡನೆಯವರು ಇರಬೇಕಲ್ಲ! ವಾರ್ಡಿಗೊಬ್ಬರೇ ನರ್ಸ್ ಇರುವ ಕಡೆ ಈ ನಿಯಮ ಕಾಗದದ ಮೇಲಷ್ಟೇ ಇರುತ್ತದೆ. ಆ ಹೊಣೆ ಹೊರಬೇಕಾದವರು ನೇಮಕಾತಿ ಮಾಡುವವರು.

ರೋಗಿಯ ಕಡೆಯವರಿಗೂ ಇದರಲ್ಲಿ ಪಾಲಿದೆ. ಹಾಸಿಗೆ ಸಂಖ್ಯೆ ನೋಡಿ ಔಷಧಿ ಕೊಡುವ ರೂಢಿ ಹೋಗಿ ಹೆಸರು ಕೇಳುವ ಕ್ರಮ ಬಂದಿದೆ. ಬೆಳಿಗ್ಗೆ ಕೇಳಿದ ಹೆಸರನ್ನೇ ಸಿಸ್ಟರ್ ಸಂಜೆ ಮತ್ತೆ ಕೇಳಿದರೆ ಬೇಸರಿಸದೆ ಹೇಳಿ. ಅವರು ಟ್ರಾಲಿ ಮುಂದೆ ನಿಂತು ಇಂಜೆಕ್ಷನ್ ಎಳೆಯುತ್ತಿರುವಾಗ, ಡಿಸ್ಚಾರ್ಜ್ ಯಾವಾಗ ಎಂಬ ಪ್ರಶ್ನೆಯನ್ನು ಐದು ನಿಮಿಷ ತಡೆದುಕೊಳ್ಳಿ.