ಸವೆದುದೇಕೆ?

ಕೆಟ್ಟುಹೋದುದನ್ನು ಬದಲಿಸುವ ಆತುರ ನಮ್ಮೆಲ್ಲರಲ್ಲೂ ಇದೆ. ಅದು ಕೆಟ್ಟುದೇಕೆಂದು ಕೇಳುವ ತಾಳ್ಮೆ ಇರುವವರು ವಿರಳ. ಈ ತಾಳ್ಮೆಯ ಬೆಲೆಯನ್ನು ನಾನು ಕಣ್ಣಾರೆ ಕಂಡುದು ಮಲೆನಾಡಿನ ಒಂದು ಪುಟ್ಟ ಗ್ಯಾರೇಜಿನಲ್ಲಿ.

ನಮ್ಮ ಧರ್ಮಕೇಂದ್ರದ ಕುಟುಂಬವೊಂದು ಬಾಡಿಗೆ ಜೀಪನ್ನು ನಂಬಿ ಬದುಕುತ್ತಿತ್ತು. ಘಾಟಿ ಏರುವಾಗ ಎಂಜಿನ್ನಿನ ತಳದಿಂದ ಮಂದವಾದ ಬಡಿತ ಕೇಳಿಬರತೊಡಗಿತು. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಒತ್ತಡದ ಕೆಂಪುದೀಪ ಆರುತ್ತಲೇ ಇರಲಿಲ್ಲ. ಎಂಟು ತಿಂಗಳ ಹಿಂದೆಯಷ್ಟೇ ಬೇರೊಂದು ಕಡೆ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳನ್ನು ಬದಲಿಸಲಾಗಿತ್ತು. ಈಗಲೂ ಹೊಸದನ್ನು ಹಾಕಿಕೊಟ್ಟರೆ ಸಾಕೆಂಬುದು ಮನೆಯ ಯಜಮಾನರ ಕೋರಿಕೆ. ಕಾಫಿ ಕುಯ್ಲಿನ ದಿನಗಳವು. ಜೀಪು ನಿಂತರೆ ದುಡಿಮೆಯೂ ನಿಂತಂತೆ. ಅವರೊಡನೆ ನಾನೂ ಹೋಗಿದ್ದೆ.

ಈ ಬೇರಿಂಗುಗಳಲ್ಲಿ ಗುಂಡುಗಳಿರುವುದಿಲ್ಲ. ಅವು ಉಕ್ಕಿನ ಬೆನ್ನಿಗೆ ಮೆದು ಲೋಹವನ್ನು ಲೇಪಿಸಿದ ಅರ್ಧವೃತ್ತದ ಎರಡು ಚಿಪ್ಪುಗಳು. ಎಂಜಿನ್ ಓಡುವಾಗ ತಿರುಗುವ ಶಾಫ್ಟು ಚಿಪ್ಪನ್ನು ಮುಟ್ಟಬಾರದು. ನಡುವಣ ಎಣ್ಣೆಯ ಪೊರೆಯೇ ಭಾರವೆಲ್ಲವನ್ನೂ ಹೊರುತ್ತದೆ. ಈ ಸತ್ಯ ಬೆಳಕಿಗೆ ಬಂದುದು 1883ರ ಸುಮಾರಿಗೆ, ಇಂಗ್ಲೆಂಡಿನಲ್ಲಿ. ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರ್ ಪರೀಕ್ಷೆಯ ಬೇರಿಂಗಿನಲ್ಲಿ ಕೊರೆದ ರಂಧ್ರಕ್ಕೆ ಬಿರಡೆ ಜಡಿದರೆ, ಒಳಗಿನ ಎಣ್ಣೆಯ ಒತ್ತಡ ಅದನ್ನೇ ಹೊರಕ್ಕೆ ತಳ್ಳಿತು. ಅದರ ಗಣಿತವನ್ನು 1886ರಲ್ಲಿ ಆಸ್ಬಾರ್ನ್ ರೆನಾಲ್ಡ್ಸ್ ವಿವರಿಸಿದರು. ಆ ಪೊರೆಗೆ ಬೇಕಾದ ಜಾಗ ಸುಮಾರಾಗಿ ಶಾಫ್ಟಿನ ವ್ಯಾಸದ ಸಾವಿರದಲ್ಲೊಂದು ಪಾಲು, 50 ಮಿ.ಮೀ. ವ್ಯಾಸಕ್ಕೆ 0.05 ಮಿ.ಮೀ. ನಿಖರವಾದ ಅಂಕಿಯನ್ನು ಆಯಾ ಎಂಜಿನ್ನಿನ ಕೈಪಿಡಿ ಹೇಳುತ್ತದೆ.

ಮೆಕ್ಯಾನಿಕ್ ಹಳೆಯ ಚಿಪ್ಪುಗಳನ್ನು ಬಿಚ್ಚಿ, ಒರೆಸಿ, ಕ್ರಮವಾಗಿ ಜೋಡಿಸಿಟ್ಟು ನೋಡಿದರು. ಮೂರನೆಯದರಲ್ಲಿ ಬೂದುಬಣ್ಣದ ಲೇಪ ಮಾಯವಾಗಿ ತಾಮ್ರದ ಬಣ್ಣ ಕಾಣುತ್ತಿತ್ತು. ಮೈತುಂಬ ಗೀರುಗಳು, ನಾಟಿಕೊಂಡ ಕೊಳೆಯ ಕಣಗಳು. ಅನಂತರ ಮೈಕ್ರೋಮೀಟರ್ ಹಿಡಿದು ಆ ಚಿಪ್ಪು ಅಪ್ಪಿಕೊಂಡಿದ್ದ ಶಾಫ್ಟಿನ ಭಾಗವನ್ನು ಅಳೆದರು. ಒಂದು ದಿಕ್ಕಿನ ವ್ಯಾಸಕ್ಕೂ ಅದಕ್ಕೆ ಅಡ್ಡಲಾದ ದಿಕ್ಕಿನ ವ್ಯಾಸಕ್ಕೂ 0.08 ಮಿ.ಮೀ. ವ್ಯತ್ಯಾಸ. ದಪ್ಪನೆಯ ತಲೆಗೂದಲಷ್ಟು. ದುಂಡಗಿರಬೇಕಾದುದು ಅಂಡಾಕಾರ ತಾಳಿತ್ತು. ಅಂತಹ ಶಾಫ್ಟಿಗೆ ಎಷ್ಟೇ ಹೊಸ ಚಿಪ್ಪು ತೊಡಿಸಿದರೂ ಒಂದೆಡೆ ಎಣ್ಣೆ ಸೋರಿ ಪೊರೆ ಹರಿಯುತ್ತದೆ. ಲೋಹ ಲೋಹವನ್ನು ತಿನ್ನುತ್ತದೆ.

"ಚಿಪ್ಪು ಹಾಕಿ ಕಳುಹಿಸಬಲ್ಲೆ, ಕುಯ್ಲು ಮುಗಿಯುವವರೆಗೆ ಓಡಲೂಬಹುದು. ಆದರೆ ಆ ಕೆಲಸ ನಾನು ಮಾಡಲಾರೆ" ಎಂದರು ಮೆಕ್ಯಾನಿಕ್. ಶಾಫ್ಟನ್ನು ಪಟ್ಟಣಕ್ಕೆ ಕಳುಹಿಸಿ ಅರೆಸಬೇಕು; ಮತ್ತೆ ನಾಲ್ಕು ದಿನ, ಮತ್ತಷ್ಟು ಹಣ. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ತೀರ್ಮಾನ ಅವರದೇ ಆಗಬೇಕಿದ್ದುದರಿಂದ ನಾನೂ ಸುಮ್ಮನಿದ್ದೆ. ಕೊನೆಗೆ "ಅರೆಸಿ" ಎಂದರು.

ಶಾಫ್ಟನ್ನು 0.25 ಮಿ.ಮೀ. ಅರೆದು ತರಲಾಯಿತು, ಅದಕ್ಕೆ ತಕ್ಕ ದಪ್ಪದ ಚಿಪ್ಪುಗಳೂ ಬಂದವು. ಶಾಫ್ಟಿನೊಳಗಿನ ಎಣ್ಣೆಯ ದಾರಿಗಳನ್ನು ಸೀಮೆಎಣ್ಣೆಯಿಂದ ತೊಳೆದಾಗ ಕಪ್ಪು ಕೆಸರು ಹೊರಬಿತ್ತು. ಕಳೆದ ಬಾರಿ ಯಾರೂ ಇಣುಕದ ಜಾಗವದು. ಒಣಗಿಸಿದ ಶಾಫ್ಟಿನ ಮೇಲೆ ಪ್ಲಾಸ್ಟಿಗೇಜ್ ಎಂಬ ಮೇಣದಂತಹ ಎಳೆಯನ್ನಿಟ್ಟು, ಕ್ಯಾಪನ್ನು ಟಾರ್ಕ್ ರೆಂಚಿನಿಂದ ಬಿಗಿದು, ಶಾಫ್ಟನ್ನು ತಿರುಗಿಸದೆ ಮತ್ತೆ ಬಿಚ್ಚಿದರು. ಎಳೆ ಹೆಚ್ಚು ಅಗಲವಾಗಿ ಚಪ್ಪಟೆಯಾದಷ್ಟೂ ಅಂತರ ಕಡಿಮೆ. ಅಳತೆ ಸರಿಯಿತ್ತು. ಎಳೆಯನ್ನು ಒರೆಸಿ, ಎಣ್ಣೆ ಸವರಿ, ಪ್ರತಿಯೊಂದು ಕ್ಯಾಪನ್ನೂ ಅದರದೇ ಸ್ಥಾನದಲ್ಲಿ, ಅದರದೇ ದಿಕ್ಕಿನಲ್ಲಿ ಕೂರಿಸಿದರು. ಒಂದೊಂದನ್ನು ಬಿಗಿದಾಗಲೂ ಶಾಫ್ಟು ಸರಾಗವಾಗಿ ತಿರುಗುವುದೇ ಎಂದು ಕೈಯಿಂದಲೇ ಪರೀಕ್ಷಿಸಿದರು. ತಳದ ತೊಟ್ಟಿ ಮುಚ್ಚಿದ ಮೇಲೆ ಇದಾವುದೂ ಯಾರ ಕಣ್ಣಿಗೂ ಬೀಳದು.

ಆ ಜೀಪು ಮೂರು ಮಳೆಗಾಲ ಕಳೆದು ಇಂದಿಗೂ ಘಾಟಿ ಏರುತ್ತಿದೆ.

ಮಗನ ಅಂಕಗಳು ಕುಸಿದರೆ ನಾವು ಟ್ಯೂಷನ್ ಬದಲಿಸುತ್ತೇವೆ; ಮತ್ತೆ ಕುಸಿದರೆ ಶಾಲೆಯನ್ನೇ ಬದಲಿಸುತ್ತೇವೆ. ಮನೆಯಲ್ಲಿ ಅವನಿಗೆ ನಿದ್ದೆ ಬರುತ್ತಿದೆಯೇ, ಅವನ ಮುಂದೆ ನಾವು ಜಗಳವಾಡುತ್ತಿದ್ದೇವೆಯೇ ಎಂದು ಅಳೆಯುವುದಿಲ್ಲ. ಅಳೆದರೆ ಖರ್ಚು ನಮ್ಮ ಪಾಲಿಗೆ ಬಂದೀತೆಂಬ ಅಂಜಿಕೆ. ಸವೆದ ಚಿಪ್ಪು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಎಸೆಯುವ ಮುನ್ನ ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡೋಣ.